ಹಿಮ ಕರಗಿದ ಮೇಲೆ ಡಾಂಬರು ಡ್ರೈವ್‌ವೇ: ಏನು ನೋಡಬೇಕು, ಯಾವಾಗ ಏನು ಮಾಡಬೇಕು

ಮಿಷಿಗನ್, ಇಲಿನಾಯ್, ಮಿನೆಸೋಟ ಕಡೆ ಸ್ವಂತ ಮನೆ ಮಾಡಿಕೊಂಡಿರುವ ನಮ್ಮವರು ಛಾವಣಿ, ಫರ್ನೇಸ್, ಬೇಸ್‌ಮೆಂಟಿನ ಪಂಪು ಇವುಗಳ ಬಗ್ಗೆ ಚೆನ್ನಾಗಿಯೇ ತಿಳಿದುಕೊಂಡಿರುತ್ತಾರೆ. ಗರಾಜಿನ ಮುಂದಿನ ಡಾಂಬರಿನ ಕಡೆ ಕಣ್ಣು ಹೋಗುವುದು ಮಾತ್ರ ಮಾರ್ಚ್ ಕೊನೆಗೆ. ಹಿಮವೆಲ್ಲ ಕರಗಿ, ಹೋದ ವರ್ಷ ಇಲ್ಲದ ಬಿರುಕು, ಅಂಚಿನಲ್ಲಿ ಕಿತ್ತುಬಂದ ಜಲ್ಲಿ, ಬಾಗಿಲ ಬಳಿ ಒಂದು ಸಣ್ಣ ಗುಂಡಿ ಕಂಡಾಗ. ಆಗ ಹೆಚ್ಚಿನವರು ಅಂಗಡಿಯಿಂದ ಎರಡು ಮೂರು ಬಕೆಟ್ ಸೀಲರ್ ತಂದು ಒಂದು ಶನಿವಾರ ಎಲ್ಲವನ್ನೂ ಕಪ್ಪಗೆ ಬಳಿದುಬಿಡುತ್ತಾರೆ. ನೋಡಲು ಹೊಸದರ ಹಾಗೇ ಇರುತ್ತದೆ. ಮುಂದಿನ ಏಪ್ರಿಲ್ ಹೊತ್ತಿಗೆ ಅದೇ ಬಿರುಕು ಇನ್ನಷ್ಟು ಬಾಯಿ ಬಿಟ್ಟಿರುತ್ತದೆ.

ಕಪ್ಪು ಬಳಿಯುವುದು ರಿಪೇರಿ ಅಲ್ಲ. ಡಾಂಬರಿಗೆ ದೊಡ್ಡ ಶತ್ರು ನೀರು. ಚಳಿ ಆ ನೀರಿಗೆ ಬಲ ತುಂಬುತ್ತದೆ. ನೀರು ಒಳಗಿಳಿಯದ ಹಾಗೆ, ಇಳಿದರೂ ನಿಲ್ಲದ ಹಾಗೆ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಈ ಲೇಖನದಲ್ಲಿ ಹೇಳಿರುವ ಹೆಜ್ಜೆಗಳೆಲ್ಲ ಆ ಒಂದು ವಿಷಯಕ್ಕೇ ಸಂಬಂಧಿಸಿದವು.

ಒಳಗೆ ನಡೆಯುವುದೇನು

ಡಾಂಬರು ಹಾಸಿನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 95ರಷ್ಟು ಜಲ್ಲಿ, ಮರಳು ಮತ್ತು ಪುಡಿ. ಅದನ್ನೆಲ್ಲ ಹಿಡಿದಿಟ್ಟುಕೊಂಡಿರುವ ಟಾರು ಸುಮಾರು 5ರಷ್ಟು ಮಾತ್ರ. ಬಿಸಿಲು, ಗಾಳಿಗೆ ಆ ಟಾರು ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತ ಹೋಗುತ್ತದೆ. ಚಳಿಯಲ್ಲಿ ಇಡೀ ಹಾಸು ಕುಗ್ಗುತ್ತದೆ. ಪೆಡಸಾದ ಟಾರು ಆ ಎಳೆತವನ್ನು ತಡೆಯಲಾರದೆ ಸೀಳುತ್ತದೆ. ಡ್ರೈವ್‌ವೇಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ ಬರುವ ಬಿರುಕುಗಳು ಹೆಚ್ಚಾಗಿ ಇಂಥವೇ. ಉತ್ತರದ ರಾಜ್ಯಗಳಲ್ಲಿ ಪಿಜಿ 58-28 ಎಂಬ ದರ್ಜೆಯ ಟಾರು ಬಳಸುವುದು ಇದಕ್ಕಾಗಿಯೇ. ರಸ್ತೆಯ ಹಾಸು 58 ಡಿಗ್ರಿ ಸೆಲ್ಸಿಯಸ್‌ಗೆ ಕಾದರೂ, ಸೊನ್ನೆಗಿಂತ 28 ಡಿಗ್ರಿ ಕೆಳಗಿಳಿದರೂ ತಾಳಿಕೊಳ್ಳಲಿ ಎಂಬುದು ಆ ಎರಡು ಅಂಕಿಗಳ ಅರ್ಥ.

ಸೀಳಿದ ಜಾಗಕ್ಕೆ ನೀರು ಇಳಿಯುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ನೂರಕ್ಕೆ 9ರಷ್ಟು ಹಿಗ್ಗಿ ಬಿರುಕಿನ ಎರಡೂ ಗೋಡೆಗಳನ್ನು ಆಚೆಗೆ ತಳ್ಳುತ್ತದೆ. ಕರಗಿದಾಗ ಆ ಹೆಚ್ಚಿದ ಜಾಗಕ್ಕೆ ಇನ್ನಷ್ಟು ನೀರು ಬರುತ್ತದೆ. ಆದ್ದರಿಂದಲೇ ಡೆಟ್ರಾಯಿಟ್, ಷಿಕಾಗೋ ಕಡೆ ಕೊರೆಯುವ ಜನವರಿಗಿಂತ ಫೆಬ್ರವರಿ ಕೊನೆ ಮತ್ತು ಮಾರ್ಚ್ ತಿಂಗಳೇ ಡಾಂಬರಿಗೆ ಕೆಟ್ಟ ಕಾಲ. ಹಗಲು 40 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 25. ದಿನಕ್ಕೊಂದು ಸಲ ಕರಗಿ, ದಿನಕ್ಕೊಂದು ಸಲ ಗಟ್ಟಿಯಾಗುವ ಈ ಸುತ್ತು ವಾರಗಟ್ಟಲೆ ನಡೆಯುತ್ತದೆ.

ಇನ್ನೂ ಆಳದ ತೊಂದರೆ ಮಣ್ಣಿನದು. ಆ ಕಡೆ ಮನೆಯ ಪಾಯವನ್ನು 42 ಇಂಚು ಆಳಕ್ಕೆ ಒಯ್ಯಬೇಕೆಂಬ ನಿಯಮ ಇರುವುದು ಮಣ್ಣು ಅಷ್ಟು ಆಳದವರೆಗೂ ಹೆಪ್ಪುಗಟ್ಟಬಹುದು ಎಂದು. ಡ್ರೈವ್‌ವೇಗೆ ಅಂಥ ಪಾಯವೇನೂ ಇರುವುದಿಲ್ಲ. ನುಣುಪಾದ ಜೇಡಿ ಮಣ್ಣು, ರೇವೆ ಮಣ್ಣು ಕೆಳಗಿನಿಂದ ತೇವವನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಆ ತೇವ ಮಣ್ಣಿನೊಳಗೆ ಪದರ ಪದರವಾಗಿ ಮಂಜುಗಡ್ಡೆಯಾಗಿ, ಮೇಲಿನ ಹಾಸನ್ನು ಎತ್ತುತ್ತದೆ. ವಸಂತದಲ್ಲಿ ಕರಗುವುದು ಮೇಲಿನಿಂದ ಕೆಳಕ್ಕೆ. ಅಡಿಯ ಮಣ್ಣು ಇನ್ನೂ ಕಲ್ಲಿನಂತೆ ಗಟ್ಟಿಯಾಗಿರುವುದರಿಂದ ಕರಗಿದ ನೀರಿಗೆ ಇಳಿಯಲು ದಾರಿಯಿಲ್ಲ. ಕೆಲವು ವಾರಗಳ ಕಾಲ ಹಾಸಿನ ಕೆಳಗೆ ಕೆಸರೇ ಇರುತ್ತದೆ. ಮಿಷಿಗನ್ ರಾಜ್ಯ ಪ್ರತಿ ವಸಂತದಲ್ಲಿ ಲಾರಿಗಳ ಅಚ್ಚಿನ ಭಾರವನ್ನು ಕಾಂಕ್ರೀಟು ರಸ್ತೆಯಲ್ಲಿ ನೂರಕ್ಕೆ 25, ಡಾಂಬರು ರಸ್ತೆಯಲ್ಲಿ ನೂರಕ್ಕೆ 35ರಷ್ಟು ಇಳಿಸುವುದು ಇದೇ ಕಾರಣಕ್ಕೆ. ರಾಜ್ಯವೇ ತನ್ನ ರಸ್ತೆಯನ್ನು ಇಷ್ಟು ಜೋಪಾನ ಮಾಡುವ ತಿಂಗಳಲ್ಲಿ ನಾವು ಅಡುಗೆಮನೆ ರಿಪೇರಿಯೆಂದು ಕಸದ ದೊಡ್ಡ ಡಂಪ್‌ಸ್ಟರನ್ನು ಡ್ರೈವ್‌ವೇ ಮೇಲೆ ಇಳಿಸಿಕೊಳ್ಳುತ್ತೇವೆ. ಮಾರ್ಚ್, ಏಪ್ರಿಲ್‌ನಲ್ಲಿ ಡಂಪ್‌ಸ್ಟರ್, ಮನೆ ಸಾಮಾನಿನ ದೊಡ್ಡ ಟ್ರಕ್, ಕಾಂಕ್ರೀಟು ಲಾರಿ ಯಾವುದನ್ನೂ ಒಳಗೆ ಬಿಡಬೇಡಿ. ಬೀದಿಯಲ್ಲೇ ನಿಲ್ಲಿಸಲಿ. ತಪ್ಪಿಸಲಾಗದಿದ್ದರೆ ಚಕ್ರ ಕೂರುವ ಕಡೆ ದಪ್ಪ ಪ್ಲೈವುಡ್ ಹಾಸಿಸಿ.

ಮಲೆನಾಡಿನ ರಸ್ತೆ ಜೂನ್, ಜುಲೈ ಮಳೆಗೆ ಕಿತ್ತುಹೋಗುವುದನ್ನು ನೋಡಿ ಬೆಳೆದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಅಲ್ಲಿ ಸುರಿಯುವ ನೀರು, ಇಲ್ಲಿ ಹೆಪ್ಪುಗಟ್ಟುವ ನೀರು. ಅಡಿ ನೆನೆದ ಮೇಲೆ ಮೇಲಿನದು ಎಷ್ಟು ಚೆನ್ನಾಗಿದ್ದರೂ ನಿಲ್ಲುವುದಿಲ್ಲ.

ಮೊದಲ ಹೆಜ್ಜೆ: ಏಪ್ರಿಲ್‌ನಲ್ಲಿ ಸುಮ್ಮನೆ ನೋಡುವುದು

ಹಿಮ ಕರಗಿದ ಕೂಡಲೇ ಕೈ ಹಾಕಬೇಡಿ. ಚಳಿಯಲ್ಲಿ ಎದ್ದ ಹಾಸು ಮಣ್ಣು ಒಣಗಿದ ಮೇಲೆ ತಾನಾಗಿಯೇ ಕೊಂಚ ಕೂರುತ್ತದೆ. ಅದಕ್ಕೆ ಮೂರು ನಾಲ್ಕು ವಾರ ಬಿಡಿ. ಅಷ್ಟರಲ್ಲಿ ಒಂದು ಒಳ್ಳೆಯ ಮಳೆ ಬರುತ್ತದೆ. ಮಳೆ ನಿಂತ ಮೇಲೆ ಹೊರಗೆ ಬಂದು ಸೀಮೆಸುಣ್ಣದಲ್ಲಿ ನೀರು ನಿಂತ ಜಾಗಗಳ ಸುತ್ತ ಗೆರೆ ಎಳೆಯಿರಿ. ಮಾರನೆಯ ದಿನವೂ ನೀರು ಹಾಗೇ ಇದ್ದರೆ ಅಲ್ಲಿ ಹಾಸು ಕುಸಿದಿದೆ ಎಂದರ್ಥ.

ಆಮೇಲೆ ಬಿರುಕುಗಳನ್ನು ನೋಡಿ. ಬಿರುಕಿನ ಅಂಚಿನಲ್ಲಿ ಬೂದು ಬಣ್ಣದ ನುಣ್ಣನೆಯ ಮಣ್ಣು ಒಣಗಿ ಕಲೆಯಾಗಿದೆಯೇ ಎಂದು ಬಗ್ಗಿ ನೋಡಿ. ಕಾರು ಹಾದಾಗ ಹಾಸು ಕೆಳಕ್ಕೆ ಅದುಮಿ, ಅಡಿಯ ಕೆಸರು ಬಿರುಕಿನಿಂದ ಮೇಲೆ ಚಿಮ್ಮಿರುವ ಗುರುತು ಅದು. ಬಿರುಕು ಎಷ್ಟೇ ಸಣ್ಣದಿರಲಿ, ಆ ಕಲೆ ಇದ್ದರೆ ತೊಂದರೆ ಅಡಿಯಲ್ಲಿದೆ. ಬಹಳ ಜನ ನೋಡದೇ ಬಿಡುವ ಗುರುತು ಇದು. ಮನೆ ಕೊಳ್ಳುವ ಮುಂಚೆ ಡ್ರೈವ್‌ವೇ ಪರೀಕ್ಷಿಸುವವರೂ ಇದನ್ನೇ ನೋಡಬೇಕು.

ಬಿರುಕಿನ ಬಗೆಯೂ ಮುಖ್ಯ. ಒಂಟಿಯಾಗಿ ಅಡ್ಡ ಅಥವಾ ಉದ್ದಕ್ಕೆ ಹೋಗುವ ಬಿರುಕನ್ನು ತುಂಬಬಹುದು. ಅಂಚಿನಿಂದ ಒಂದಡಿ ಒಳಗೆ, ಅಂಚಿಗೆ ಸಮನಾಗಿ ಹೋಗುವ ಬಿರುಕು ಪಕ್ಕದ ಮಣ್ಣಿನ ಆಸರೆ ತಪ್ಪಿದ್ದರಿಂದ ಬಂದದ್ದು. ಅದನ್ನು ತುಂಬುವುದರ ಜೊತೆಗೆ ಪಕ್ಕಕ್ಕೆ ಮಣ್ಣು ಹಾಕಿ ಹಾಸಿನ ಮಟ್ಟಕ್ಕೆ ಏರಿಸಿ ತುಳಿಯಬೇಕು. ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ಚೂರುಗಳಾಗಿ ಒಡೆದ ಜಾಗವಿದ್ದರೆ ಅಲ್ಲಿ ತುಂಬಿ ಪ್ರಯೋಜನವಿಲ್ಲ. ಅದನ್ನು ಕತ್ತರಿಸಿ ತೆಗೆದು, ಅಡಿಯ ಜಲ್ಲಿಯನ್ನು ಸರಿಮಾಡಿ ಹೊಸದಾಗಿ ಹಾಕಬೇಕು. ಇಡೀ ಡ್ರೈವ್‌ವೇಯ ಕಾಲು ಭಾಗಕ್ಕಿಂತ ಹೆಚ್ಚು ಹೀಗಿದ್ದರೆ ತೇಪೆ ಹಾಕುತ್ತ ಕೂರುವುದಕ್ಕಿಂತ ಪೂರ್ತಿ ಹೊಸದಾಗಿ ಹಾಸಿಸಲು ದುಡ್ಡು ಕೂಡಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೊನೆಗೆ, ಗರಾಜಿನ ಕಾಂಕ್ರೀಟಿಗೂ ಡಾಂಬರಿಗೂ ನಡುವಿನ ಸಂದು. ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಇಲ್ಲಿ ಸಂದು ಬಿಟ್ಟೇ ಬಿಡುತ್ತದೆ. ಚಳಿಗಾಲದಲ್ಲಿ ಕಾರಿನಿಂದ ಕರಗಿ ಸೋರುವ ಉಪ್ಪುನೀರು ಗರಾಜಿನ ಇಳಿಜಾರಿನಲ್ಲಿ ಹರಿದು ನೇರವಾಗಿ ಈ ಸಂದಿಗೇ ಇಳಿಯುತ್ತದೆ. ಗುಂಡಿಗಳು ಮೊದಲು ಬಾಗಿಲ ಬಳಿಯೇ ಬೀಳುವುದು ಅದರಿಂದ.

ಎರಡನೆಯ ಹೆಜ್ಜೆ: ನೀರಿನ ದಾರಿ ತಿರುಗಿಸುವುದು

ಬಿರುಕು ತುಂಬುವ ಮೊದಲೇ ಇದು ಆಗಬೇಕು. ಛಾವಣಿಯ ನೀರು ಇಳಿಸುವ ಪೈಪು ಎಲ್ಲಿ ಬಿಡುತ್ತದೆ ನೋಡಿ. ಎಷ್ಟೋ ಮನೆಗಳಲ್ಲಿ ಅದರ ಬಾಯಿ ಸೀದಾ ಡ್ರೈವ್‌ವೇ ಅಂಚಿಗೆ ಇರುತ್ತದೆ. ಮಾರ್ಚ್‌ನಲ್ಲಿ ಹಗಲು ಛಾವಣಿಯ ಹಿಮ ಕರಗಿ ಆ ಪೈಪಿನಿಂದ ಬಂದು, ಸಂಜೆ ಡಾಂಬರಿನ ಮೇಲೆ ಹೆಪ್ಪುಗಟ್ಟುತ್ತದೆ. ಜಾರಿ ಬೀಳುವುದೂ ಅಲ್ಲೇ, ಬಿರುಕು ಬಿಡುವುದೂ ಅಲ್ಲೇ. ನಾಲ್ಕೈದು ಅಡಿ ಉದ್ದದ ಪ್ಲಾಸ್ಟಿಕ್ ಕೊಳವೆ ಜೋಡಿಸಿ ಹುಲ್ಲಿನ ಕಡೆ ತಿರುಗಿಸಿ. ಸಂಪ್ ಪಂಪಿನ ನೀರಿಗೂ ಇದೇ ಮಾತು.

ಹುಲ್ಲು ಮತ್ತು ಮಣ್ಣು ವರ್ಷ ವರ್ಷ ಬೆಳೆದು ಹಾಸಿಗಿಂತ ಎತ್ತರವಾಗಿದ್ದರೆ ನೀರು ಡ್ರೈವ್‌ವೇ ಮೇಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸನಿಕೆಯಿಂದ ಅಂಚನ್ನು ಕೆತ್ತಿ ನೀರಿಗೆ ದಾರಿ ಬಿಡಿ. ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಇದ್ದರೆ ನೀರು ಹರಿಯುತ್ತದೆ. ಪಕ್ಕದಲ್ಲಿ ಚರಂಡಿ ತೋಡಿ ಪೈಪು ಹೂಳುವ ಯೋಚನೆಯಿದ್ದರೆ ಕೆಲವು ದಿನ ಮುಂಚೆ 811ಕ್ಕೆ ಫೋನ್ ಮಾಡಿ. ಗ್ಯಾಸು, ಕರೆಂಟು, ಕೇಬಲ್ ಎಲ್ಲಿ ಹೋಗಿದೆ ಎಂದು ಬಂದು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಾರೆ. ಅದಕ್ಕೆ ದುಡ್ಡಿಲ್ಲ.

ಮೂರನೆಯ ಹೆಜ್ಜೆ: ಬಿರುಕು ತುಂಬುವುದು

ಇಡೀ ಕೆಲಸದಲ್ಲಿ ಹಾಕಿದ ದುಡ್ಡಿಗೆ ಹೆಚ್ಚು ಫಲ ಕೊಡುವುದು ಇದೇ, ಹಾಗಾಗಿ ಇದನ್ನು ನಿಧಾನವಾಗಿ ಮಾಡಿ.

ಸಮಯ ಆರಿಸುವುದು ಮೊದಲು. ಬಿರುಕು ಚಳಿಯಲ್ಲಿ ಅಗಲವಾಗುತ್ತದೆ, ಬೇಸಿಗೆಯಲ್ಲಿ ಕಿರಿದಾಗುತ್ತದೆ. ಜುಲೈ ಸುಡುಬಿಸಿಲಿನಲ್ಲಿ ತುಂಬಿದರೆ ಒಳಗೆ ಕಡಿಮೆ ಹೋಗಿ, ಜನವರಿಯಲ್ಲಿ ಅದು ಅಂಚಿನಿಂದ ಬಿಟ್ಟುಕೊಳ್ಳುತ್ತದೆ. ಮೇ ತಿಂಗಳು ಅಥವಾ ಸೆಪ್ಟೆಂಬರ್ ಸರಿಯಾದ ಕಾಲ. ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕು. ಮುಂದಿನ 24 ಗಂಟೆ ಮಳೆ ಇರಬಾರದು.

ಅಗಲ ಅಳೆಯಲು ಪೆನ್ನಿ ನಾಣ್ಯ ಸಾಕು. ಎರಡು ಪೆನ್ನಿ ಒಂದರ ಮೇಲೊಂದು ಇಟ್ಟರೆ ಹೆಚ್ಚು ಕಡಿಮೆ ಎಂಟನೇ ಒಂದು ಇಂಚು. ಆ ಜೋಡಿ ನಾಣ್ಯ ಒಳಗೆ ಹೋಗದಷ್ಟು ಸಣ್ಣ ಬಿರುಕನ್ನು ಸೀಲ್‌ಕೋಟ್, ಅಂದರೆ ಮೇಲೆ ಬಳಿಯುವ ಸೀಲರಿನ ಪದರ, ಮುಚ್ಚುತ್ತದೆ. ಹೋಗುವಂಥದ್ದರಿಂದ ಹಿಡಿದು ಅರ್ಧ ಇಂಚಿನವರೆಗಿನದಕ್ಕೆ ಡಬ್ಬಿಯಿಂದ ಸುರಿಯುವ ಕ್ರ್ಯಾಕ್ ಫಿಲ್ಲರ್. ಅದಕ್ಕಿಂತ ಅಗಲದ್ದಕ್ಕೆ ಕರಣೆಯಿಂದ ಮೆತ್ತುವ ಗಟ್ಟಿ ಫಿಲ್ಲರ್ ಅಥವಾ ಕೋಲ್ಡ್ ಪ್ಯಾಚ್, ಅಂದರೆ ಕಾಯಿಸದೆ ತಣ್ಣಗೇ ಹಾಕುವ ಡಾಂಬರು ಮಿಶ್ರಣ.

ಚೊಕ್ಕ ಮಾಡುವುದಕ್ಕೆ ತುಂಬುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲೇಬೇಕು. ಬಿರುಕಿನಲ್ಲಿ ಬೆಳೆದ ಕಳೆಯನ್ನು ಬೇರು ಸಹಿತ ಕೀಳಿ. ಹಳೆಯ ಸ್ಕ್ರೂಡ್ರೈವರ್‌ನಿಂದ ಕೆರೆದು, ತಂತಿ ಬ್ರಷ್ಷಿನಲ್ಲಿ ಎರಡೂ ಗೋಡೆ ಉಜ್ಜಿ, ಎಲೆ ಊದುವ ಬ್ಲೋವರ್ ಇಟ್ಟು ಊದಿ. ಪ್ರೆಷರ್ ವಾಷರ್ ಹೊಡೆದರೆ ಒಂದು ದಿನ ಪೂರ್ತಿ ಒಣಗಲು ಬಿಡಿ. ಧೂಳಿನ ಮೇಲೆ ಹಾಕಿದ ಫಿಲ್ಲರ್ ಧೂಳಿಗೆ ಅಂಟಿಕೊಳ್ಳುತ್ತದೆಯೇ ಹೊರತು ಡಾಂಬರಿಗಲ್ಲ. ಮೊದಲ ಚಳಿಗೇ ಉದ್ದಕ್ಕೆ ರಬ್ಬರಿನ ಹಗ್ಗದ ಹಾಗೆ ಎದ್ದು ಬರುತ್ತದೆ.

ಬಿರುಕು ಆಳವಾಗಿದ್ದರೆ ತಳಕ್ಕೆ ಒಣ ಮರಳು ಸುರಿಯಿರಿ ಅಥವಾ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಫೋಮಿನ ಬ್ಯಾಕರ್ ರಾಡ್ ಒತ್ತಿ. ಮೇಲೆ ಅರ್ಧ ಇಂಚು ಜಾಗ ಉಳಿಯಲಿ. ಫಿಲ್ಲರನ್ನು ಒಂದು ತುದಿಯಿಂದ ನಿಧಾನವಾಗಿ ಸುರಿದು ಸ್ಕ್ವೀಜಿಯಿಂದ ಎಳೆಯಿರಿ. ಅದು ಕೂತು ಇಳಿಯುತ್ತದೆ. ಮಾರನೆಯ ದಿನ ಇಳಿದಷ್ಟನ್ನು ಮತ್ತೆ ತುಂಬಿ. ಹಾಸಿನ ಮಟ್ಟಕ್ಕೆ, ಇಲ್ಲವೇ ಒಂದು ಕೂದಲಷ್ಟು ಕೆಳಗೆ ನಿಲ್ಲಿಸಿ. ಉಬ್ಬಿಸಿ ಬಿಟ್ಟರೆ ಹಿಮ ತೆಗೆಯುವ ಬ್ಲೇಡು ಅದನ್ನೇ ಹಿಡಿದು ಕೀಳುತ್ತದೆ. ಅಂಟು ಅಂಟಾಗಿರುವಾಗ ಮೇಲೆ ಸ್ವಲ್ಪ ಮರಳು ಉದುರಿಸಿದರೆ ಟೈರಿಗೆ ಹತ್ತುವುದಿಲ್ಲ. ಗರಾಜಿನ ಬಳಿಯ ಸಂದಿಗೂ ಹೀಗೇ ಬ್ಯಾಕರ್ ರಾಡ್ ಹಾಕಿ ತುಂಬಿ. ಅಲ್ಲಿ ಎರಡೂ ಕಡೆ ಅಲುಗಾಟ ಹೆಚ್ಚಿರುವುದರಿಂದ ಬಗ್ಗುವ ರಬ್ಬರ್ ಬಗೆಯ ಸೀಲೆಂಟ್ ಆರಿಸಿ.

ಕಾಯಿಸಿ ಕರಗಿಸಿ ಹಾಕುವ ರಬ್ಬರ್ ಫಿಲ್ಲರ್ ಸಾಮಾನ್ಯವಾಗಿ ತಣ್ಣಗೆ ಸುರಿಯುವುದಕ್ಕಿಂತ ಹೆಚ್ಚು ವರ್ಷ ಬಾಳುತ್ತದೆ. ಪ್ರೊಪೇನ್ ಟಾರ್ಚು ಬೇಕಾಗುವ ಕೆಲಸ, ಗರಾಜಿನ ಬಾಗಿಲಿಗೂ ಒಣ ಎಲೆಗೂ ಹತ್ತಿರದಲ್ಲಿ ಬೆಂಕಿ. ಅಭ್ಯಾಸ ಇಲ್ಲದವರು ಜನ ಕರೆಸಿ ಮಾಡಿಸುವುದೇ ಮೇಲು.

ನಾಲ್ಕನೆಯ ಹೆಜ್ಜೆ: ಗುಂಡಿ ಮುಚ್ಚುವುದು

ಉತ್ತರದ ರಾಜ್ಯಗಳಲ್ಲಿ ಬಿಸಿ ಡಾಂಬರು ತಯಾರಿಸುವ ಪ್ಲಾಂಟುಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಹಾಗಾಗಿ ಫೆಬ್ರವರಿಯಲ್ಲಿ ಬಿದ್ದ ಗುಂಡಿಗೆ ಊರಿನವರೂ ಕೋಲ್ಡ್ ಪ್ಯಾಚನ್ನೇ ಹಾಕುತ್ತಾರೆ. ನೀವೂ ಹಾಕಬಹುದು. ಅದು ತಾತ್ಕಾಲಿಕ ಎಂಬುದು ನೆನಪಿರಲಿ.

50 ಪೌಂಡಿನ ಒಂದು ಚೀಲದಲ್ಲಿ ಸುಮಾರು ಅರ್ಧ ಘನ ಅಡಿ ಮಾಲು ಇರುತ್ತದೆ. ಎರಡಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಿಂಚು ಆಳದ ಗುಂಡಿಗೆ ಅಷ್ಟೇ ಹಿಡಿಯುತ್ತದೆ. ಕುಟ್ಟಿದಾಗ ಕುಗ್ಗುವುದರಿಂದ ಇನ್ನೊಂದು ಚೀಲ ಕೈಯಲ್ಲಿರಲಿ. ತಂದ ಚೀಲವನ್ನು ಹಿಂದಿನ ರಾತ್ರಿ ಮನೆಯೊಳಗೆ, ಬೆಚ್ಚಗಿನ ಕಡೆ ಇಡಿ. ಗರಾಜಿನ ಚಳಿಯಲ್ಲಿ ಕಲ್ಲಾದ ಪ್ಯಾಚ್ ಕುಟ್ಟಿದರೂ ಕೂರುವುದಿಲ್ಲ.

ಗುಂಡಿಯಲ್ಲಿನ ನೀರು, ಮಂಜುಗಡ್ಡೆ, ಸಡಿಲ ಚೂರು ಎಲ್ಲ ತೆಗೆಯಿರಿ. ಅಂಚನ್ನು ಉಳಿ ಸುತ್ತಿಗೆಯಲ್ಲಿ ಕೆತ್ತಿ ಗಟ್ಟಿ ಡಾಂಬರು ಸಿಗುವವರೆಗೆ ಹೋಗಿ, ಗೋಡೆ ನೆಟ್ಟಗೆ ಕೆಳಗಿಳಿಯುವಂತೆ ಮಾಡಿ. ತಟ್ಟೆಯ ಹಾಗೆ ಅಂಚು ತೆಳ್ಳಗಿದ್ದರೆ ಪ್ಯಾಚ್ ಅಲ್ಲಿಂದಲೇ ಉದುರಲು ಶುರುವಾಗುತ್ತದೆ. ನಾಲ್ಕು ಇಂಚಿಗಿಂತ ಆಳವಿದ್ದರೆ ಮೊದಲು ಜಲ್ಲಿ ಹಾಕಿ ಕುಟ್ಟಿ. ಆಮೇಲೆ ಪ್ಯಾಚನ್ನು ಎರಡಿಂಚಿಗಿಂತ ಹೆಚ್ಚಿಲ್ಲದಂತೆ ಪದರ ಪದರವಾಗಿ ಹಾಕಿ, ಪ್ರತಿ ಪದರವನ್ನೂ ಟ್ಯಾಂಪರ್‌ನಿಂದ ಬಲವಾಗಿ ಕುಟ್ಟಿ. ಕೊನೆಯದು ಸುತ್ತಲಿನ ಮಟ್ಟಕ್ಕಿಂತ ಅರ್ಧ ಇಂಚು ಮೇಲಿರಲಿ. ಮೇಲೊಂದು ಪ್ಲೈವುಡ್ ಹಲಗೆ ಇಟ್ಟು ಕಾರಿನ ಚಕ್ರವನ್ನು ನಾಲ್ಕೈದು ಸಲ ಹಿಂದೆ ಮುಂದೆ ಓಡಿಸಿದರೆ ಸರಿಯಾಗಿ ಕೂರುತ್ತದೆ. ಕೋಲ್ಡ್ ಪ್ಯಾಚ್ ಮೇಲೆ ತಕ್ಷಣ ಸೀಲ್‌ಕೋಟ್ ಬಳಿಯಬೇಡಿ. ಅದರೊಳಗಿನ ಎಣ್ಣೆ ಆರಿ ಗಟ್ಟಿಯಾಗಲು ತಿಂಗಳುಗಳೇ ಬೇಕು.

ಐದನೆಯ ಹೆಜ್ಜೆ: ಸೀಲ್‌ಕೋಟ್, ಮತ್ತು ಡಬ್ಬಿಯ ಮೇಲೆ ಓದಬೇಕಾದದ್ದು

ಮೇಲಿನದೆಲ್ಲ ಆದ ಮೇಲೆ ಸೀಲ್‌ಕೋಟ್‌ಗೆ ಅರ್ಥವಿದೆ. ಮೇಲ್ಮೈಯ ಸಣ್ಣ ರಂಧ್ರ ಮುಚ್ಚಿ, ಬಿಸಿಲಿನಿಂದ ಟಾರನ್ನು ಕಾಪಾಡುತ್ತದೆ. ಹೊಸದಾಗಿ ಹಾಸಿದ ಮೇಲೆ ಒಂದು ವರ್ಷ ಬಿಟ್ಟು, ಆಮೇಲೆ ಮೂರು ವರ್ಷಕ್ಕೊಮ್ಮೆ ಸಾಕು. ಪ್ರತಿ ವರ್ಷ ಬಳಿದರೆ ಪದರ ದಪ್ಪವಾಗಿ ತಾನೇ ಸಿಪ್ಪೆಯೇಳುತ್ತದೆ. ರಾತ್ರಿಯೂ 50 ಡಿಗ್ರಿಗಿಂತ ಕೆಳಗಿಳಿಯದ ದಿನಗಳಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್ ಕೊನೆಯೊಳಗೆ ಮಾಡಿ. ದಪ್ಪಗೆ ಒಂದು ಸಲಕ್ಕಿಂತ ತೆಳ್ಳಗೆ ಎರಡು ಸಲ ಒಳ್ಳೆಯದು. ಎರಡು ದಿನ ಕಾರು ಬೀದಿಯಲ್ಲಿರಲಿ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು. ಸೀಲರ್‌ಗಳಲ್ಲಿ ಎರಡು ಬಗೆ: ಪೆಟ್ರೋಲಿಯಂ ಡಾಂಬರಿನ ಎಮಲ್ಷನ್, ಇನ್ನೊಂದು ಕಲ್ಲಿದ್ದಲಿನಿಂದ ಬರುವ ಕೋಲ್ ಟಾರ್. ಎರಡನೆಯದರಲ್ಲಿ ಕ್ಯಾನ್ಸರ್‌ಕಾರಕವಾದ ಪಿಎಎಚ್ ರಾಸಾಯನಿಕಗಳು ಬಹಳ ಹೆಚ್ಚು. ಟೆಕ್ಸಸ್‌ನ ಆಸ್ಟಿನ್ ನಗರ 2006ರಲ್ಲಿ, ವಾಷಿಂಗ್ಟನ್ ರಾಜ್ಯ 2011ರಲ್ಲಿ, ಮಿನೆಸೋಟ 2014ರಿಂದ ಇದನ್ನು ನಿಷೇಧಿಸಿವೆ. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ವಿಜ್ಞಾನಿಗಳು ಆಸ್ಟಿನ್‌ನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೋಲ್ ಟಾರ್ ಬಳಿದ ಪಾರ್ಕಿಂಗ್ ಇರುವ ಅಪಾರ್ಟ್‌ಮೆಂಟುಗಳ ಒಳಗಿನ ಧೂಳಿನಲ್ಲಿ ಪಿಎಎಚ್ ಪ್ರಮಾಣ ಬೇರೆ ಬಗೆಯ ಪಾರ್ಕಿಂಗ್ ಇರುವ ಮನೆಗಳಿಗಿಂತ 25 ಪಟ್ಟು ಇತ್ತು. ಚಪ್ಪಲಿಯಲ್ಲಿ ಅಂಟಿಕೊಂಡು ಒಳಗೆ ಬರುವ ಪುಡಿ ಅದು. ಬಾಗಿಲಲ್ಲೇ ಚಪ್ಪಲಿ ಬಿಡುವ ನಮ್ಮ ಮನೆಗಳ ಅಭ್ಯಾಸ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಆದರೂ ಅಂಬೆಗಾಲಿಡುವ ಮಕ್ಕಳಿರುವ ಮನೆಯವರು ಡಬ್ಬಿಯ ಮೇಲೆ ಕೋಲ್ ಟಾರ್, ರಿಫೈನ್ಡ್ ಟಾರ್ ಎಂಬ ಹೆಸರು ಅಥವಾ ಸುರಕ್ಷತಾ ಪತ್ರದಲ್ಲಿ 65996-93-2 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಬೇಡ. ಜನ ಕರೆಸಿ ಮಾಡಿಸುವಾಗಲೂ ಯಾವುದು ಬಳಿಯುತ್ತೀರಿ ಎಂದು ಕೇಳಿ, ಬರೆದು ಕೊಡಲು ಹೇಳಿ.

ಆರನೆಯ ಹೆಜ್ಜೆ: ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ

ನೆಲ ಗಟ್ಟಿಯಾಗುವ ಮೊದಲು ಡ್ರೈವ್‌ವೇ ಎರಡೂ ಅಂಚಿಗೆ ಎದ್ದು ಕಾಣುವ ಕಡ್ಡಿಗಳನ್ನು ನೆಡಿ. ಹಿಮದಲ್ಲಿ ಅಂಚು ಕಾಣದೆ ಪ್ಲೌ ಟ್ರಕ್ಕಿನವರು ಅಂಚನ್ನೇ ಒಡೆಯುವುದು ಸಾಮಾನ್ಯ. ಸ್ನೋಬ್ಲೋವರ್ ಇದ್ದರೆ ಅದರ ಎರಡೂ ಬದಿ ನೆಲಕ್ಕೆ ತಾಗುವ ಸ್ಕಿಡ್ ಶೂ ಪಟ್ಟಿಗಳನ್ನು ಕೊಂಚ ಕೆಳಗಿಳಿಸಿ, ಬ್ಲೇಡು ಡಾಂಬರನ್ನು ಕೆರೆಯದ ಹಾಗೆ ಮಾಡಿ. ಸಲಿಕೆಗೆ ಪ್ಲಾಸ್ಟಿಕ್ ಅಂಚು ಸಾಕು. ಮಂಜುಗಡ್ಡೆಯನ್ನು ಕಬ್ಬಿಣದ ಹಾರೆಯಿಂದ ಕುಟ್ಟಿ ಒಡೆಯಲೇಬೇಡಿ.

ಹಿಮ ಬಿದ್ದಾಗ ಬೇಗ ತೆಗೆಯಿರಿ. ಕಾರು ಓಡಾಡಿ ಅದುಮಿದ ಹಿಮ ಗಟ್ಟಿ ಮಂಜಾಗಿ, ಅದಕ್ಕೆ ಉಪ್ಪು ಹೆಚ್ಚು ಬೇಕಾಗುತ್ತದೆ. ಉಪ್ಪು ಕಾಂಕ್ರೀಟನ್ನು ತಿನ್ನುವ ಹಾಗೆ ಡಾಂಬರನ್ನು ನೇರವಾಗಿ ತಿನ್ನುವುದಿಲ್ಲ. ಆದರೆ ಕರಗಿಸಿದ ನೀರು ಬಿರುಕಿಗೆ ಇಳಿದು, ಉಪ್ಪು ತೆಳುವಾದ ಮೇಲೆ ಮತ್ತೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಕರಗಿದ ಕೆಸರುಹಿಮವನ್ನು ಅಲ್ಲೇ ಬಿಡದೆ ಸಲಿಕೆಯಿಂದ ತಳ್ಳಿಬಿಡಬೇಕು. ಸಾಮಾನ್ಯ ಕಲ್ಲುಪ್ಪು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೆಚ್ಚುಕಡಿಮೆ ಕೆಲಸವೇ ಮಾಡುವುದಿಲ್ಲ. ಅಷ್ಟು ಚಳಿಯಿದ್ದರೆ ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ, ಇಲ್ಲವೇ ಕಾಲಿಗೆ ಹಿಡಿತ ಸಿಗಲೆಂದು ಮರಳು ಹಾಕಿ ಸುಮ್ಮನಿರಿ. 20 ಅಡಿ ಡ್ರೈವ್‌ವೇಗೆ 12 ಔನ್ಸಿನ ಒಂದು ಕಾಫಿ ಮಗ್ ಉಪ್ಪು ಸಾಕೆಂದು ಮಿನೆಸೋಟದಲ್ಲಿ ಹೇಳಿಕೊಡುತ್ತಾರೆ. ಒಂದು ಚಮಚ ಉಪ್ಪು ಐದು ಗ್ಯಾಲನ್ ನೀರನ್ನು ಕೆಡಿಸುತ್ತದೆ, ಕೆರೆಗೆ ಸೇರಿದ ಉಪ್ಪನ್ನು ಮತ್ತೆ ತೆಗೆಯಲು ಬರುವುದಿಲ್ಲ ಎಂಬುದು ಅವರ ಎಚ್ಚರಿಕೆ. ಹತ್ತು ಸಾವಿರ ಕೆರೆಗಳ ನಾಡಿನವರ ಈ ಮಾತಿಗೆ ಬೆಲೆ ಕೊಡೋಣ.

ಬೀದಿಯ ಗುಂಡಿ

ನಿಮ್ಮ ಡ್ರೈವ್‌ವೇ ಬೀದಿಗೆ ಸೇರುವ ಕೊನೆಯ ಭಾಗ ಯಾರದು ಎಂಬುದು ಊರಿಂದ ಊರಿಗೆ ಬೇರೆ. ಅಲ್ಲಿ ಕೆಲಸ ಮಾಡಿಸುವ ಮೊದಲು ನಗರದ ಕಚೇರಿಯಲ್ಲಿ ಕೇಳಿ, ಪರ್ಮಿಟ್ ಬೇಕಾಗಬಹುದು. ಟೌನ್‌ಹೌಸ್‌ಗಳಲ್ಲಿ ಇರುವವರು ಎಚ್‌ಒಎ (ಮನೆ ಮಾಲೀಕರ ಸಂಘ) ನಿಯಮ ಓದಿಕೊಳ್ಳಿ.

ರಸ್ತೆಯಲ್ಲಿ ಗುಂಡಿ ಕಂಡರೆ ದೂರು ಕೊಡಿ. ಷಿಕಾಗೋದಲ್ಲಿ 311. ಮಿಷಿಗನ್‌ನಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಗುಂಡಿ ಎಲ್ಲರ ಕಣ್ಣಿಗೆ ಬೀಳುವಂತೆ 30 ದಿನ ಇದ್ದರೆ ಅದು ರಸ್ತೆ ಇಲಾಖೆಗೆ ಗೊತ್ತಿತ್ತೆಂದೇ ಕಾನೂನು ಪರಿಗಣಿಸುತ್ತದೆ. ನಿಮ್ಮ ದೂರಿನ ತಾರೀಖು ಇನ್ನೊಬ್ಬರ ಪರಿಹಾರಕ್ಕೆ ಆಧಾರವಾಗಬಹುದು. ಗುಂಡಿಗೆ ಬಿದ್ದು ಗಾಲಿ ಹಾಳಾದರೆ ಸುರಕ್ಷಿತವಾಗಿ ನಿಲ್ಲಿಸಿ ಫೋಟೊ, ಜಾಗ, ಸಮಯ ಬರೆದಿಟ್ಟುಕೊಂಡು 120 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ಚಳಿಗೆ ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಇಳಿತಕ್ಕೆ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಗಾಳಿ ಕಡಿಮೆ ಇರುವ ಟೈರು ಗುಂಡಿಯಲ್ಲಿ ರಿಮ್ಮನ್ನು ಕಾಪಾಡಲಾರದು. ಗುಂಡಿ ತಪ್ಪಿಸಲಾಗದಿದ್ದರೆ ಮೊದಲೇ ನಿಧಾನ ಮಾಡಿ, ಗುಂಡಿಯೊಳಗೆ ಇಳಿಯುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆದಿರಿ.

ಜನ ಕರೆಸುವುದಾದರೆ

ವಸಂತ ಬಂತೆಂದರೆ ಬಾಗಿಲು ಬಡಿದು "ಪಕ್ಕದ ಬೀದಿಯಲ್ಲಿ ಕೆಲಸ ಮಾಡಿದೆವು, ಡಾಂಬರು ಮಿಕ್ಕಿದೆ, ಕಡಿಮೆಗೆ ಹಾಕಿಕೊಡುತ್ತೇವೆ" ಎನ್ನುವವರು ಬರುತ್ತಾರೆ. ನಗದು ಕೇಳುತ್ತಾರೆ, ಇವತ್ತೇ ಆಗಬೇಕೆನ್ನುತ್ತಾರೆ. ಬೇಡವೆಂದು ಬಾಗಿಲು ಹಾಕಿಕೊಳ್ಳಿ. ಬಿಸಿ ಡಾಂಬರನ್ನು ಅಳತೆ ಮಾಡಿ ತರಿಸುತ್ತಾರೆ, ಒಂದು ಡ್ರೈವ್‌ವೇಗೆ ಆಗುವಷ್ಟು ಸುಮ್ಮನೆ ಮಿಗುವುದಿಲ್ಲ. ಮನೆ ಬಾಗಿಲಲ್ಲಿ 25 ಡಾಲರಿಗಿಂತ ಹೆಚ್ಚಿನ ವ್ಯವಹಾರಕ್ಕೆ ಸಹಿ ಮಾಡಿದ್ದರೆ ಸಾಮಾನ್ಯವಾಗಿ ಮೂರು ಕೆಲಸದ ದಿನಗಳೊಳಗೆ ರದ್ದು ಮಾಡುವ ಹಕ್ಕನ್ನು ಕೇಂದ್ರ ಸರ್ಕಾರದ ನಿಯಮ ಕೊಡುತ್ತದೆ.

ಸರಿಯಾದವರಿಂದ ಎರಡು ಮೂರು ಅಂದಾಜು ತರಿಸಿ. ಬರೆದುಕೊಡಬೇಕಾದದ್ದು ಇಷ್ಟು: ಹಳೆಯದನ್ನು ಕಿತ್ತು ತೆಗೆಯುತ್ತಾರೋ ಮೇಲೆಯೇ ಹಾಸುತ್ತಾರೋ, ಅಡಿಗೆ ಜಲ್ಲಿ ಎಷ್ಟು ಇಂಚು, ರೋಲರ್ ಹೊಡೆದ ಮೇಲೆ ಡಾಂಬರು ಎಷ್ಟು ಇಂಚು, ಒಟ್ಟು ಎಷ್ಟು ಟನ್. "ಎರಡಿಂಚು" ಎಂದರೆ ಸಾಲದು, ಕುಟ್ಟಿದ ಮೇಲೆ ಎರಡಿಂಚೇ ಎಂದು ಕೇಳಿ. ಟನ್ ಲೆಕ್ಕ ನೀವೇ ಹಾಕಬಹುದು. 600 ಚದರ ಅಡಿಗೆ ಎರಡಿಂಚೆಂದರೆ 100 ಘನ ಅಡಿ. ಗಟ್ಟಿಯಾಗಿ ಕೂತ ಡಾಂಬರು ಘನ ಅಡಿಗೆ ಸುಮಾರು 145 ಪೌಂಡು. ಅಲ್ಲಿಗೆ 14,500 ಪೌಂಡು, ಏಳೂಕಾಲು ಟನ್. ಅಂದಾಜಿನಲ್ಲಿ ಐದು ಟನ್ ಬರೆದಿದ್ದರೆ ನಿಮಗೆ ಸಿಗುವುದು ಒಂದೂವರೆ ಇಂಚಿಗಿಂತಲೂ ಕಡಿಮೆ. ಕೆಲಸದ ದಿನ ಲಾರಿ ತಂದ ಪ್ಲಾಂಟಿನ ತೂಕದ ಚೀಟಿ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ನವೆಂಬರ್ ಚಳಿಯಲ್ಲಿ ಹಾಕಿಕೊಡುತ್ತೇವೆಂದರೆ ಒಪ್ಪಬೇಡಿ. ತೆಳ್ಳಗೆ ಹಾಸಿದ ಡಾಂಬರು ತಣ್ಣನೆಯ ನೆಲದ ಮೇಲೆ ರೋಲರ್ ಬರುವ ಮೊದಲೇ ಆರಿ, ಒಳಗೆ ಪೊಳ್ಳು ಉಳಿಯುತ್ತದೆ. ಆ ಪೊಳ್ಳಿಗೇ ಮೊದಲ ಚಳಿಗಾಲದ ನೀರು ಇಳಿಯುವುದು.

ಹೊಸ ಹಾಸಿನ ಮೇಲೆ ಮೂರು ದಿನ ಕಾರು ಬೇಡ, ಬಿಸಿಲು ಜೋರಾಗಿದ್ದರೆ ಇನ್ನೂ ಒಂದೆರಡು ದಿನ. ಮೊದಲ ಬೇಸಿಗೆಯಲ್ಲಿ ನಿಂತಲ್ಲೇ ಸ್ಟೀರಿಂಗ್ ತಿರುಗಿಸಬೇಡಿ, ಮೇಲ್ಮೈ ಉಜ್ಜಿಹೋಗುತ್ತದೆ. ಗಣೇಶನ ಹಬ್ಬಕ್ಕೆ ಜನ ಸೇರಿ ಡ್ರೈವ್‌ವೇ ಮೇಲೆ ಮಡಚು ಕುರ್ಚಿ, ಮೇಜು ಹಾಕುವುದಿದ್ದರೆ ಕಾಲುಗಳ ಕೆಳಗೆ ಹಲಗೆ ತುಂಡು ಇಡಿ. ಬೈಸಿಕಲ್ ಸ್ಟ್ಯಾಂಡಿಗೂ ಹಾಗೇ.